ಒಂದೇ ತಟ್ಟೆಯ ತಾಂಬೂಲ

"ಗಂಡ ಹೆಂಡ್ತಿಗೆ ಕೊಡೋ ತಾಂಬೂಲಾನ ಇಬ್ರು ಗಂಡಸರಿಗೆ ಕೊಡ್ತಾರೇನಮ್ಮಾ?"

ಊರಿನ ಮರ್ಯಾದೆ ಕಾಯುವ ಗುತ್ತಿಗೆ ಹಿಡಿದವರಂತೆ ಶಾನುಭೋಗರು ನಮ್ಮ ಜಗಲಿಯಿಂದಲೇ ಗದರಿದರು. ಅಮ್ಮ ಕೊಟ್ಟ ತಟ್ಟೆಯನ್ನು ಹಿಡಿದು ನಿಂತಿದ್ದವರು ಇಬ್ಬರು ಇಂಗ್ಲಿಷ್ ಸಿಪಾಯಿಗಳು.

ಯುದ್ಧದ ಕಾಲ. ರಜೆಯಲ್ಲಿ ಸೈಕಲ್ಲು ತುಳಿಯುತ್ತ ನಂದಿಬೆಟ್ಟಕ್ಕೆ ಹೊರಟಿದ್ದವರು ದಾರಿಯಲ್ಲಿದ್ದ ವಿಜಯಪುರದ ನಮ್ಮ ಮನೆಯಲ್ಲಿ ಮಜ್ಜಿಗೆ ಕುಡಿಯಲು ನಿಂತಿದ್ದರು. "ಹೆಂಡ್ತಿ ಮಕ್ಕಳು ಎಲ್ಲವ್ರಪ್ಪಾ?" ಎಂದು ಅಮ್ಮ ಕೇಳಿದ್ದನ್ನು, ಓದು ಮುಗಿಸಿ ಮದುವೆಯ ಮಾತು ತಳ್ಳುತ್ತಿದ್ದ ಮಗ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹಿರಿಯವನು ಜೊತೆಗಾರನ ಹೆಗಲ ಮೇಲೆ ಕೈಯಿಟ್ಟು, ಹೆಂಡತಿಯಿಲ್ಲ, ತನಗೆ ಎಲ್ಲವೂ ಇವನೇ ಎಂದ. ಅದನ್ನು ಅಮ್ಮನಿಗೆ ತಿಳಿಸುವಾಗ ಆ ಹೆಗಲ ಮೇಲಿನ ಕೈಯಿಂದ ನನ್ನ ಕಣ್ಣು ಕೀಳಲಾಗಲಿಲ್ಲ. ಅಮ್ಮ ನನ್ನ ಮುಖವನ್ನೇ ನೋಡಿ ಒಳಗೆ ಹೋದಳು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆ ತಂದು, ದಂಪತಿಗಳಿಗೆ ಮಾಡುವಂತೆ ಅವರಿಬ್ಬರ ಕೈ ಸೇರಿಸಿ ಹಿಡಿಸಿದಳು.

ಶಾನುಭೋಗರ ದನಿಗೆ ಬೆದರಿ ಅವರು ಕೈ ಹಿಂದಕ್ಕೆಳೆಯಲು ಹೋದರೆ ಅಮ್ಮ ಬಿಡಲಿಲ್ಲ. "ಯಾರಿಗೆ ಕೊಡ್ತಿದೀನಿ ಅಂತ ಗೊತ್ತಿದ್ದೇ ಕೊಡ್ತಿದೀನಿ ಸ್ವಾಮಿ," ಎಂದಳು.

ನನ್ನ ಮದುವೆಯ ಮಾತನ್ನು ಅಮ್ಮ ಮತ್ತೆಂದೂ ಎತ್ತಲಿಲ್ಲ. ಹೊಸಕೋಟೆಯ ಗೆಳೆಯನ ಜೊತೆ ಬೇರೆ ಮನೆ ಮಾಡಲು ನಾನು ಹೊರಟ ದಿನ, ಶಾನುಭೋಗರಿಗೆ ಹೇಳಿಕಳಿಸಿ ಕರೆಸಿ, ಅವರೆದುರೇ ನಮ್ಮಿಬ್ಬರ ಕೈಗೆ ಅದೇ ತಟ್ಟೆಯಲ್ಲಿ ತಾಂಬೂಲ ಕೊಟ್ಟಳು.