ಸೂತಕದ ಮನೆಯ ಕಾರು

ಬೆಳಿಗ್ಗೆ ಕಾರು ಒಂದೇ ಏಟಿಗೆ ಸ್ಟಾರ್ಟ್ ಆದರೆ ಅದನ್ನೇ ಶುಭಶಕುನ ಎನ್ನುತ್ತಿದ್ದ ಕಾಲ. ತೊಂಬತ್ತರ ದಶಕದ ಮೈಸೂರಿನಲ್ಲಿ ಬೆಳೆದವರಿಗೆ ನೆನಪಿರಬಹುದು, ಬೀದಿಗೊಂದು ಹಳೇ ಕಾರು, ಅದನ್ನು ತಳ್ಳಲು ಬೀದಿಯ ಮಕ್ಕಳೆಲ್ಲ. ನಮ್ಮ ಬೀದಿಯ ಕಾರು ನಮ್ಮ ತಾತನದು. ಒಳಗೆ ಕಾದ ರೆಕ್ಸಿನ್ ಸೀಟಿನ ವಾಸನೆ, ಹಿಂದಿನ ಕಿಟಕಿಗಳಿಗೆ ಅಜ್ಜಿ ಹೊಲಿದ ಹಸಿರು ಪರದೆ. ಅದನ್ನು ತಳ್ಳುವುದು ನಮಗೆ ಕುಂಟೆಬಿಲ್ಲೆಗಿಂತ ದೊಡ್ಡ ಆಟ.

ನನಗೆ ಒಂಬತ್ತು ವರ್ಷವಾಗಿದ್ದ ಬೇಸಿಗೆಯಲ್ಲಿ ತಾತ ತೀರಿಕೊಂಡರು. ಇಲವಾಲದಲ್ಲಿ ನೆಂಟರ ಮದುವೆಗೆ ಹೋಗಿದ್ದಾಗ ಅವರಿಗೆ ಎದೆ ಉರಿ ಶುರುವಾಯಿತಂತೆ. ಗ್ಯಾಸ್ ಇರಬೇಕು ಎಂದು ಅಪ್ಪ ಸೋಡಾ ಕುಡಿಸಿ, ಊಟ ಮುಗಿಸಿಕೊಂಡೇ ಹೊರಟರು. ಕಾರು ಓಡಿಸಿದ್ದು ಅಪ್ಪ, ಹಿಂದಿನ ಸೀಟಿನಲ್ಲಿ ಅಜ್ಜಿಯ ತೊಡೆಯ ಮೇಲೆ ತಾತನ ತಲೆ. ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನೋಡುವ ಹೊತ್ತಿಗೆ ನಾಡಿ ನಿಂತಿತ್ತು. ಸ್ಟ್ರೆಚರಿನ ಮೇಲೆ ಮಲಗಿಸುವಾಗ ಇನ್ನೂ ಉಸಿರಿತ್ತು ಎಂದಳು ಅಜ್ಜಿ. ಮಾತಾಡಿಸಲು ಬಂದವರಿಗೆಲ್ಲ ಅಪ್ಪ ಅದನ್ನೇ ಹೇಳುತ್ತಿದ್ದರು, ಆಸ್ಪತ್ರೆಗಂತೂ ಮುಟ್ಟಿಸಿದೆ, ಮುಂದಿನದು ದೇವರಿಚ್ಛೆ ಎಂದು. ಹಾಗೆ ಹೇಳಿಕೊಂಡಾಗ ಮಾತ್ರ ಅವರ ಗಂಟಲಲ್ಲಿ ಅನ್ನ ಇಳಿಯುತ್ತಿತ್ತು.

ಜೀವ ಹೋದ ಜಾಗದಲ್ಲಿ ತಿಥಿ ಮುಗಿಯುವವರೆಗೆ ದೀಪ ಆರಬಾರದೆಂಬುದು ನಮ್ಮಲ್ಲಿನ ಪದ್ಧತಿ. ಆಸ್ಪತ್ರೆಯಲ್ಲಿ ದೀಪ ಇಡುವುದೆಲ್ಲಿ ಬಂತು ಎಂದು ದೊಡ್ಡವರು ನಡುಮನೆಯಲ್ಲೇ ಹಚ್ಚಿಟ್ಟರು. ಒಗ್ಗರಣೆಯಿಲ್ಲದ ಸಾರು, ಊದುಬತ್ತಿಯ ಹೊಗೆ, ಪಿಸುಮಾತು. ನನಗೆ ಒಂದೂ ಅರ್ಥವಾಗುತ್ತಿರಲಿಲ್ಲ.

ಅದರ ಮೇಲೆ ಕಾರಿನದೊಂದು ರಾಮಾಯಣ. ತಾತನ ಅಸ್ಥಿಯನ್ನು ಶ್ರೀರಂಗಪಟ್ಟಣದ ಸಂಗಮಕ್ಕೆ ಅವರ ಕಾರಿನಲ್ಲೇ ಒಯ್ಯಬೇಕೆಂದು ಅಪ್ಪನ ಹಟ. ನೋಡಿದರೆ ಬ್ಯಾಟರಿ ಡೌನ್. ಸೂತಕದ ಮನೆಯ ಮಕ್ಕಳೆಲ್ಲ ಸೇರಿ ತಳ್ಳಿದೆವು, ನಕ್ಕಿದ್ದಕ್ಕೆ ಬೈಸಿಕೊಂಡೆವು. ಎಂಜಿನ್ ಹತ್ತಿಕೊಂಡಿತು. ಮೆಕ್ಯಾನಿಕ್ ಶಿವಣ್ಣ ಆಕ್ಸಿಲರೇಟರ್ ಒತ್ತಿ ಹೆಡ್‌ಲೈಟಿನ ಬೆಳಕು ನೋಡಿ, ಡೈನಮೋ ಚೆನ್ನಾಗಿದೆ, ಬ್ಯಾಟರಿಯದೇ ತಪ್ಪು ಎಂದು ತೀರ್ಪು ಕೊಟ್ಟ. ಚಾರ್ಜಿಗೆ ಹಾಕಿ ಮಾರನೇ ದಿನ ತಂದು ಕೂರಿಸಿದ. ಅದರ ಮಾರನೇ ಬೆಳಿಗ್ಗೆ ಮತ್ತೆ ಡೌನ್. ಚಿಕ್ಕಪ್ಪ ಫ್ಯಾನ್ ಬೆಲ್ಟ್ ಸಡಿಲ ಎಂದರು, ಶಿವಣ್ಣ ಆ್ಯಸಿಡ್ ಸಾಲದು ಎಂದ. ಎತ್ತು ಏರಿಗೆ, ಕೋಣ ನೀರಿಗೆ. ಬೆಲ್ಟ್ ಬಿಗಿಯಾಯಿತು, ಆ್ಯಸಿಡ್ಡೂ ಸರಿಯಾಗಿಯೇ ಇತ್ತು, ಬ್ಯಾಟರಿ ಮಾತ್ರ ನಿಲ್ಲಲಿಲ್ಲ. ಸತ್ತ ಬ್ಯಾಟರಿಯನ್ನು ಅಂಗಡಿಯವರು ಬದುಕಿಸಿ ಕೊಡುತ್ತಾರೆ, ತಾತನನ್ನೇಕೆ ಕೊಡಲಿಲ್ಲ ಎಂದು ನಾನು ಅಮ್ಮನನ್ನು ಕೇಳಿದೆ. ಅಮ್ಮ ನನ್ನನ್ನು ತಬ್ಬಿಕೊಂಡಳು.

ಕೊನೆಗೆ ಶಿವಣ್ಣ ಬಾಗಿಲುಗಳನ್ನೆಲ್ಲ ಮುಚ್ಚಿ, ಬ್ಯಾಟರಿಯ ಒಂದು ವೈರು ಬಿಚ್ಚಿ, ಮತ್ತೆ ಮೆಲ್ಲಗೆ ತಾಗಿಸಿದ. ಚಿಟ್ ಎಂದು ಕಿಡಿ ಹಾರಿತು.

"ಎಲ್ಲಾ ಆಫ್ ಆಗಿದ್ರೂ ಏನೋ ಒಂದು ಒಳಗೇ ಕರೆಂಟ್ ತಿಂತಾ ಅದೆ ಸಾರ್. ಸೀಟು ಕಿತ್ತು ವೈರಿಂಗ್ ನೋಡ್ಬೇಕು."

ಅವನು ಹಿಂದಿನ ಸೀಟಿಗೆ ಕೈ ಹಾಕಿದ್ದೇ ಅಜ್ಜಿ ಒಳಗಿನಿಂದ ಬಂದಳು.

"ಸೀಟು ಮುಟ್ಬೇಡ ಕಣಪ್ಪ. ಮೇಲ್ಗಡೆ ಲೈಟು ನಾನೇ ಹಾಕಿರೋದು. ಎಣ್ಣೆ ದೀಪ ಇಟ್ರೆ ಸೀಟು ಹತ್ಕೊಂಡ್ಬುಡ್ತದೆ ಅಂತ."

ಕಾರಿನ ಬಾಗಿಲು ತೆಗೆದರೆ ಆ ಲೈಟು ಹೇಗೂ ಉರಿಯುತ್ತಿತ್ತು. ಬಾಗಿಲು ಮುಚ್ಚಿದರೆ ಹಸಿರು ಪರದೆ. ಹಾಗಾಗಿ ಅದು ಹಗಲೂ ರಾತ್ರಿ ಉರಿಯುತ್ತಿದ್ದುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಶಿವಣ್ಣ ನಗಲು ಹೋದವನು ಅಪ್ಪನ ಮುಖ ನೋಡಿ ಸೀಟಿನಿಂದ ಕೈ ತೆಗೆದ. ಅಪ್ಪ ಆ ಸೀಟನ್ನೇ ನೋಡುತ್ತಿದ್ದರು.

"ಜೀವ ಹೋಗಿದ್ದು ಎಲ್ಲಿ ಅವ್ವ?" ಎಂದರು.

ಅಜ್ಜಿ ಸೆರಗು ಹಿಂಡಿದಳು. "ಇಲವಾಲ ದಾಟಿರ್ಲಿಲ್ಲ ಕಣೋ. ನೀನು ಅಷ್ಟು ಜೋರಾಗಿ ಓಡಿಸ್ತಿದ್ದೆ. ಎಂಗೆ ಹೇಳ್ಲಿ?"

ಅಪ್ಪ ಅಲ್ಲೇ ನೆಲದ ಮೇಲೆ ಕುಳಿತು ಮಗುವಿನಂತೆ ಅತ್ತರು. ಕಾರಿನ ತೊಂದರೆ ಗೊತ್ತಾದ ಮೇಲೂ ಏಕೆ ಅಳುತ್ತಾರೆಂದು ನಾನು ಕಂಗಾಲಾಗಿ ನಿಂತಿದ್ದೆ.

ಅಸ್ಥಿ ಬಾಡಿಗೆ ಟೆಂಪೋದಲ್ಲಿ ಸಂಗಮಕ್ಕೆ ಹೋಯಿತು. ಲೈಟನ್ನು ಯಾರೂ ಆರಿಸಲಿಲ್ಲ. ಶಿವಣ್ಣ ಇನ್ನೊಂದು ಬ್ಯಾಟರಿ ತಂದ. ಒಂದು ಕಾರಿನಲ್ಲಿದ್ದರೆ ಒಂದು ಚಾರ್ಜಿನಲ್ಲಿ, ದಿನಾ ಸಂಜೆ ಬಂದು ಬದಲಾಯಿಸಿ ಹೋಗುತ್ತಿದ್ದ. ಬದಲಾಯಿಸುವ ಆ ಒಂದು ಗಳಿಗೆ ಅಪ್ಪ ಸೀಟಿನ ಪಕ್ಕ ಹಣತೆ ಹಿಡಿದು ನಿಲ್ಲುತ್ತಿದ್ದರು.

ಈಗಿನ ಕಾರುಗಳಲ್ಲಿ ಏನು ಕೆಟ್ಟಿದೆಯೆಂದು ಕಂಪ್ಯೂಟರೇ ಹೇಳುತ್ತದೆ. ಒಳ್ಳೆಯದೇ. ಅಜ್ಜಿಯೂ ಇಲ್ಲ, ಅಪ್ಪನೂ ಇಲ್ಲ. ಅಂದು ನಿಜ ತಿಳಿದದ್ದರಿಂದ ಅಪ್ಪನಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಒಂದು ಮಾತ್ರ ಗೊತ್ತು. ಈಗ ನಾನೂ ಮಗ ಓಡಿಸುವ ಗಾಡಿಯಲ್ಲಿ ಹಿಂದೆ ಕೂರುವವಳು. ಗಂಡನ ಉಸಿರು ನಿಂತದ್ದು ತೊಡೆಗೆ ತಿಳಿದೂ, ಮುಂದೆ ಕುಳಿತ ಮಗನಿಗೋಸ್ಕರ ಅಷ್ಟು ದೂರ ಬಾಯಿ ಬಿಡದೆ ಬರುವ ಎದೆ ನನಗಿಲ್ಲ. ನಾನಾಗಿದ್ದರೆ ಕಿರುಚಿಬಿಡುತ್ತಿದ್ದೆ.