ತಡವಾಗಿ ಸಿಕ್ಕ ಅಲೆ

ದೆಹಲಿಯ ಓಖ್ಲಾದಲ್ಲಿ ನಮ್ಮ ಪ್ರಿಂಟಿಂಗ್ ಆಫೀಸಿನ ಪಕ್ಕದ ಶೆಡ್ಡಿಗೆ ಹೋದ ವಾರ ಫೈಬರ್ ಟ್ಯಾಂಕ್ ಮಾಡುವವರು ಬಂದರು. ಕಿಟಕಿ ತೆರೆದರೆ ರೆಸಿನ್ ಅಂಟಿನ ಘಾಟು ಗಂಟಲಿಗಡರಿತು. ಕೈಯಲ್ಲಿದ್ದ ಪ್ರೂಫ್ ಕೆಳಗಿಟ್ಟೆ. ಇಲ್ಲೇ ದ್ವಾರಕಾದಲ್ಲಿರುವ ನಮ್ಮ ವಸತಿ ಸೊಸೈಟಿಯ ಟೆರೇಸಿನಲ್ಲಿ ಭಾನುವಾರಗಳಂದು ಇದೇ ಘಾಟು ಇರುತ್ತಿತ್ತು. ಮೇಲಿನ ಮನೆಯ ಅಣ್ಣ ಅಲ್ಲಿ ಅಲೆಯ ಮೇಲೆ ಜಾರುವ ತನ್ನ ಸರ್ಫ್‌ಬೋರ್ಡುಗಳ ಬಿರುಕು ಮುಚ್ಚುತ್ತಿದ್ದ...

ಅವನು ಮೂಲ್ಕಿ ಕಡೆಯವನು. ಗುರುಗ್ರಾಮದಲ್ಲಿ ಕೆಲಸ, ಒಂಟಿ ಮನುಷ್ಯ, ಮೂಗಿನ ತುದಿಯಲ್ಲೇ ಕೋಪ. ಸಮುದ್ರವಿಲ್ಲದ ಊರಿನಲ್ಲಿ ಎರಡು ಹಲಗೆ ಇಟ್ಟುಕೊಂಡಿದ್ದ. ಒಂದು ಸೂರಿಗೆ ತಾಗುವಷ್ಟು ಉದ್ದ, ಇನ್ನೊಂದು ಅವನಿಗಿಂತ ಗಿಡ್ಡ, ಸಪೂರ. ಯಾಕೆ ಎರಡು ಎಂದು ಕೇಳಿದ್ದಕ್ಕೆ ಕೂರಿಸಿ ಹೇಳಿಕೊಟ್ಟಿದ್ದ. ದೊಡ್ಡ ಹಲಗೆ ಹೆಚ್ಚು ತೇಲುತ್ತದೆ. ನಾಲ್ಕು ಸಲ ಕೈ ಬೀಸಿದರೆ, ಅಲೆ ಇನ್ನೂ ಉಬ್ಬುತ್ತಿರುವಾಗಲೇ ಅದನ್ನು ಹಿಡಿದು ನೀರಿನ ಮೇಲೆ ಜಾರತೊಡಗುತ್ತದೆ. ಚಿಕ್ಕದು ಅರ್ಧ ಮುಳುಗಿ ನೀರನ್ನು ತಳ್ಳುತ್ತಲೇ ಇರುತ್ತದೆ. ಅಲೆ ಗೋಡೆಯಂತೆ ಎದ್ದು ನಿಲ್ಲುವವರೆಗೆ ಕಾಯಬೇಕು, ತೋಳಿನಲ್ಲಿ ಕಸುವು ಬೇಕು. ಆದರೆ ಒಮ್ಮೆ ಜಾರಲು ಶುರುವಾದರೆ, ಬೇಕಾದಲ್ಲಿ ಗಕ್ಕನೆ ತಿರುಗುತ್ತದೆ.

ಒಂದು ಬೇಸಿಗೆಯಲ್ಲಿ ಊರಿಗೆ ಹೊರಡಲು ಕಾರಿನ ಮೇಲೆ ದೊಡ್ಡ ಹಲಗೆ ಕಟ್ಟುತ್ತಿದ್ದ. ನಮ್ಮ ಕೆಳಗಿನ ಮಹಡಿಯವನಿಗೆ ಪಾರ್ಕಿಂಗಿನಿಂದ ಕಾರು ತೆಗೆಯಲು ಅದು ಅಡ್ಡವಾಯಿತು. ಮಾತಿಗೆ ಮಾತು ಬೆಳೆಯಿತು. ಮೊದಲು ಕಾಲರ್ ಹಿಡಿದವನು ಅಣ್ಣನೇ. ಗದ್ದಲ ಕೇಳಿ ನಾನೂ ನನ್ನ ಗಂಡನೂ ಓಡಿ ಇಳಿಯುವಷ್ಟರಲ್ಲಿ ಆ ಮನುಷ್ಯ ಡಿಕ್ಕಿಯಿಂದ ಕಬ್ಬಿಣದ ರಾಡು ತೆಗೆದಿದ್ದ. ಹಲಗೆಗೆ ಬಿದ್ದ ಏಟುಗಳಿಗೆ ಅದು ನಡುವೆ ಮುರಿದು ಜೋತುಬಿತ್ತು. ಅಡ್ಡ ಹೋದ ಅಣ್ಣನ ಬಲಹೆಗಲಿಗೆ ಮುಂದಿನ ಏಟು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅಣ್ಣ ನೆಲಕ್ಕೆ ಬಿದ್ದ ಮೇಲೂ ಆ ಮನುಷ್ಯ ಹೊಡೆಯುತ್ತಲೇ ಇದ್ದ. ನನ್ನ ಗಂಡ ಹಿಂದಿನಿಂದ ಅಪ್ಪಿ ಹಿಡಿದಾಗ ನಿಂತ. ಆಮೇಲೆ ಪೊಲೀಸರು, ಸೊಸೈಟಿಯ ಹಿರಿಯರು, ರಾಜಿ...

ಅಣ್ಣನ ಹೆಗಲಿಗೆ ಲೋಹದ ಪ್ಲೇಟ್ ಹಾಕಿದರು. ಆ ಕೈ ಮತ್ತೆ ಕಿವಿಯ ಮಟ್ಟಕ್ಕಿಂತ ಮೇಲೇಳಲಿಲ್ಲ.

ಮರುವರ್ಷ ಮಳೆಗಾಲಕ್ಕೆ ಮುಂಚೆ ನಾವೂ ಅವನ ಜೊತೆ ಮೂಲ್ಕಿಗೆ ಹೋದೆವು. ಸಮುದ್ರ ಕೆರಳಿತ್ತು. ಮೀನುಗಾರರು ಬೇಡವೆಂದರು. ದಡದಲ್ಲಿ ಸರ್ಫಿಂಗ್ ಕಲಿಸುವವರ ಹತ್ತಿರ ದೊಡ್ಡ ಹಲಗೆಗಳಿದ್ದವು. ಅವನು ಅತ್ತ ನೋಡದೆ ತನ್ನ ಚಿಕ್ಕದನ್ನೇ ಕಂಕುಳಲ್ಲಿಟ್ಟುಕೊಂಡ.

"ಆ ಕೈಯಲ್ಲಿ ಆಗುತ್ತಾ ಅಣ್ಣ?" ಎಂದೆ.

"ಜಾರಲಿಕ್ಕೆ ಶುರುವಾದ ಮೇಲೆ ಕೈಗೆ ಕೆಲಸವೇ ಇಲ್ಲ ಮಾರಾಯ್ತಿ."

ಅಲ್ಲಿಯವರೆಗೆ ಮುಟ್ಟುವುದೇ ಕಷ್ಟವಾಯಿತು. ಎಡಗೈ ನೀರು ಬಗೆಯುತ್ತಿತ್ತು, ಬಲಗೈ ಹಿಂದುಳಿಯುತ್ತಿತ್ತು. ಒಂದರ ಹಿಂದೊಂದು ಅಲೆಗಳು ಅವನ ಅಡಿಯಿಂದ ಸರಿದುಹೋದವು. ಸಿಟ್ಟು ಬಂದಿರಬೇಕು. ಅಲೆ ಮುರಿಯುವ ಜಾಗಕ್ಕೇ ಸರಿದು ಕಾದ. ಕೊನೆಗೆ ಒಂದನ್ನು ಹಿಡಿದ, ಅದು ಮಗುಚುತ್ತಿದ್ದಾಗ. ಎದ್ದು ನಿಂತ. ಅರೆಗಳಿಗೆ ಹಲಗೆ ನೀರನ್ನು ಬಿಟ್ಟು ಹಾರಿದಂತೆ ಓಡಿತು... ಮರುಕ್ಷಣ ಅದರ ಮೂತಿ ನೀರಿಗೆ ಇರಿಯಿತು, ಇಡೀ ಗೋಡೆ ಅವನ ಮೇಲೆ ಕುಸಿದು ಅವನನ್ನು ತಲೆಕೆಳಗಾಗಿ ಮರಳಿಗೆ ಅಪ್ಪಳಿಸಿತು. ಮೀನುಗಾರರು ಎಳೆದು ತಂದಾಗ ಕತ್ತು ವಾಲಿತ್ತು, ಬಾಯಿಂದ ರಕ್ತ ಬರುತ್ತಿತ್ತು. ಮಂಗಳೂರು ಮುಟ್ಟುವ ಮೊದಲೇ ಹೋದ.

ನಾವು ಅದೇ ಮನೆಯಲ್ಲಿದ್ದೇವೆ. ಮೇಲೆ ಬೇರೆ ಸಂಸಾರ ಬಂದಿದೆ. ನಿನ್ನೆ ಸಂಜೆ ಲಿಫ್ಟಿನಲ್ಲಿ ಕೆಳಗಿನ ಮಹಡಿಯವನು ಸಿಕ್ಕಿದ. ಕೂದಲು ನೆರೆತಿದೆ, ಕೈಯಲ್ಲಿ ತರಕಾರಿ ಚೀಲ. ಇಷ್ಟು ವರ್ಷ ಮುಖ ತಪ್ಪಿಸುತ್ತಿದ್ದವನು ಏನನ್ನಿಸಿತೋ, ನಿಮ್ಮ ಮೇಲಿನ ಮನೆಯಲ್ಲಿ ಮೊದಲಿದ್ದವನು ಕಾಣುವುದೇ ಇಲ್ಲ, ಎಲ್ಲಿದ್ದಾನೆ ಎಂದು ಹಿಂದಿಯಲ್ಲಿ ಕೇಳಿದ. ತೀರಿಕೊಂಡ ಎಂದೆ. ಹೇಗೆ ಎಂದು ಕೇಳುತ್ತಾನೆಂದು ಕಾದೆ.

"ಅಚ್ಛಾ," ಎಂದ. ಅವನ ಮಹಡಿ ಬಂತು, ಇಳಿದು ಹೋದ.