ಗೇಟಿಗೆ ಎರಡು ಕಿಲೋಮೀಟರ್ ಮುಂಚೆ

ಹಾಸನದ ಒಂದು ಕಾರ್ಖಾನೆಗೆ ಜಪಾನಿನಿಂದ ಬಂದಿದ್ದ ಇಂಜಿನಿಯರೊಬ್ಬರಿಗೆ ನಾನು ಎರಡು ವರ್ಷ ಕಾರು ಓಡಿಸಿದೆ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಬೆಳಗ್ಗೆ ಮನೆ ಬಾಗಿಲಲ್ಲಿ ಹತ್ತಿಸಿಕೊಂಡು ಕಾರ್ಖಾನೆ ಬಾಗಿಲಲ್ಲಿ ಇಳಿಸಬೇಕು, ಸಂಜೆ ಮತ್ತೆ ಅದೇ. ಅವರ ಇಂಗ್ಲಿಷ್ ಅಷ್ಟಕ್ಕಷ್ಟೆ, ನನ್ನದೂ ಹಾಗೇ. ಅದಕ್ಕೇ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಎರಡನೇ ವರ್ಷ ಅವರು ಪದೇಪದೇ ಕಾರು ನಿಲ್ಲಿಸಲು ಹೇಳತೊಡಗಿದರು. ಚನ್ನರಾಯಪಟ್ಟಣಕ್ಕೆ ಹೋಗಿಬರುವಷ್ಟರಲ್ಲಿ ಮೂರು ಸಲ ಇಳಿದರು, ಬಾಟಲಿಗಟ್ಟಲೆ ನೀರು ಕುಡಿದರು. ನಾನೇ ಡಾಕ್ಟರ ಹತ್ತಿರ ಕರೆದೊಯ್ದೆ. ಸಕ್ಕರೆ ಕಾಯಿಲೆ ಎಂದಾಯಿತು. ದಿನಾ ನಡೆಯಬೇಕೆಂದು ಡಾಕ್ಟರು ಚೀಟಿ ಬರೆದುಕೊಟ್ಟರು.

"ಇಷ್ಟು ಸಣ್ಣಗವ್ರಲ್ಲ ಸಾ?" ಅಂದೆ.

"ಅವರಿಗಾಗಲಿ ನಿಮಗಾಗಲಿ, ಇದು ಬರೋಕೆ ದಪ್ಪ ಆಗ್ಬೇಕು ಅಂತೇನಿಲ್ಲ," ಅಂದರು ಡಾಕ್ಟರು.

ಆ 'ನಿಮಗಾಗಲಿ' ನನ್ನನ್ನು ಚುಚ್ಚಿತು. ಕೆಲವು ತಿಂಗಳಿಂದ ನನ್ನ ಪಾದ ಜುಮುಗುಡುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ವಾಪಸ್ ಬರುವಾಗ ಇಂಜಿನಿಯರು ತಮ್ಮ ಸೋದರಮಾವನ ವಿಷಯ ಹೇಳಿದರು. ಹರೆಯದಲ್ಲೇ ಬ್ರೆಜಿಲ್‌ಗೆ ಹೋಗಿ ಅಂಗಡಿ ಇಟ್ಟವರು. ದಿನಾ ಮಾಂಸ, ಸಿಹಿ ಕಾಫಿ, ಎಲ್ಲಿಗೆ ಹೋದರೂ ಕಾರು. ಸಕ್ಕರೆ ಬಂದು ಕೊನೆಗೆ ಕಣ್ಣೇ ಹೋಯಿತಂತೆ. ಊರಲ್ಲೇ ಉಳಿದ ಅಕ್ಕ, ಅಂದರೆ ಇವರ ತಾಯಿ, ಎಂಬತ್ತು ದಾಟಿದರೂ ಗದ್ದೆಗೆ ಇಳಿಯುತ್ತಾರೆ, ಕಾಯಿಲೆ ಏನೂ ಇಲ್ಲ.

"ಒಂದೇ ತಾಯಿ ಮಕ್ಕಳು," ಅಂದರು. "ನನ್ನೂರಲ್ಲಿ ನಾನು ದಿನಾ ಸ್ಟೇಷನ್ನಿಗೆ ನಡೀತಿದ್ದೆ. ಇಲ್ಲಿ ನೀನಿದ್ದೀಯ."

ಬೈದದ್ದಲ್ಲ. ಆದರೂ ಕಾರಿನ ವೇಗ ತಗ್ಗಿಸಿದೆ.

ಮರುದಿನ ಕಾರ್ಖಾನೆ ಗೇಟಿಗೆ ಎರಡು ಕಿಲೋಮೀಟರ್ ಇರುವಾಗಲೇ ಇಳಿದು ನಡೆದರು. ನಾನು ಫಸ್ಟ್ ಗೇರಲ್ಲಿ ಹಿಂದೆ ಹಿಂದೆ. ಎರಡು ವಾರ ಹೀಗೇ ನಡೆಯಿತು. ಆಮೇಲೆ ಗಾಡಿಗಳ ಉಸ್ತುವಾರಿ ನೋಡುವವನು ಕರೆಸಿದ.

"ಸಾಯೇಬ್ರನ್ನ ಬಿಸಿಲಲ್ಲಿ ನಡುಸ್ಕೊಂಡ್ ಬತ್ತೀಯಂತೆ? ಗಾಡಿ ಯಾಕ್ಲಾ ಕೊಟ್ಟಿರೋದು?"

"ಅವ್ರೇ ಇಳಿತಾರೆ ಸಾ."

"ನಾಳೆಯಿಂದ ಬೇರೆಯವನು ಓಯ್ತಾನೆ."

ಅವತ್ತು ಸಂಜೆ ಮನೆಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಬೆಳಗ್ಗೆ ಹೊಸ ಡ್ರೈವರನ್ನು ಕಂಡ ಇಂಜಿನಿಯರು ನೇರ ಆಫೀಸಿಗೆ ಹೋಗಿ, ಡಾಕ್ಟರ ಚೀಟಿಯನ್ನು ಉಸ್ತುವಾರಿಯವನ ಮೇಜಿನ ಮೇಲಿಟ್ಟರು. "ನಡೆಯೋಕೆ ಹೇಳಿದ್ದು ಡಾಕ್ಟರು. ಹಳೇ ಡ್ರೈವರೇ ಬರಲಿ," ಎಂದಷ್ಟೇ ಹೇಳಿದರಂತೆ. ಸಂಜೆಗೆ ಕಾರಿನ ಕೀ ಮತ್ತೆ ನನ್ನ ಕೈಗೆ ಬಂತು.

ಆ ಭಾನುವಾರ ಕೊಣನೂರಿನಿಂದ ಅಣ್ಣ ಬಂದಿದ್ದ. ಊರಲ್ಲೇ ಇದ್ದು ಬೇಸಾಯ ಮಾಡುವವನು. ಒಬ್ಬನೇ ಹೋಗಲು ಹೆದರಿ, ರಕ್ತ ಪರೀಕ್ಷೆಗೆ ಅವನನ್ನೂ ಕರೆದುಕೊಂಡು ಹೋದೆ. ಅವನ ಸಕ್ಕರೆ ಸರಿಯಾಗಿತ್ತು. ನನ್ನದು ಏರಿತ್ತು.

"ಇಬ್ರೂ ಒಂದೇ ಮುದ್ದೆ ತಿಂದು ಬೆಳ್ದೋರು ಕಣ್ಲಾ, ನಿಂಗ್ಯಾಕ್ ಬಂತು?" ಅಂದ ಅಣ್ಣ. ಹದಿನಾರು ವರ್ಷದ ಡ್ರೈವರ್ ಸೀಟು, ದಿನಕ್ಕೆ ಎಂಟು ಟೀ, ಬೇಕರಿ ತಿಂಡಿ, ಎಲ್ಲಾ ನೆನಪಾಯಿತು.

ಇಂಜಿನಿಯರಿಗೆ ಹೇಳಿದೆ. "ಹಾಗಾದರೆ ನೀನೂ ಇಳಿ," ಅಂದರು. ಅಂದಿನಿಂದ ಕಾರನ್ನು ಪಂಕ್ಚರ್ ಅಂಗಡಿ ಹತ್ತಿರ ಬಿಟ್ಟು ಇಬ್ಬರೂ ನಡೆದೆವು. ಅವರನ್ನು ಬಿಟ್ಟು ಕಾರಿಗಾಗಿ ನಾನು ವಾಪಸ್ ನಡೆಯಬೇಕಿದ್ದರಿಂದ ನನ್ನದು ದುಪ್ಪಟ್ಟು. ಅವರು ದೇಶಕ್ಕೆ ಮರಳುವ ಹೊತ್ತಿಗೆ ಅವರ ಸಕ್ಕರೆ ಹತೋಟಿಗೆ ಬಂದಿತ್ತು. ನನ್ನದು ಮಾತ್ರೆಯಲ್ಲಿ ನಿಂತಿದೆ.

ಈಗ ಬೇರೆ ಸಾಹೇಬರು. ಅವರು ನಡೆಯುವುದಿಲ್ಲ. ಅವರನ್ನು ಇಳಿಸಿದ ಮೇಲೆ ಉಳಿದ ಡ್ರೈವರುಗಳು ಸೀಟು ಹಿಂದಕ್ಕೊರಗಿಸಿ ಮಲಗಿದರೆ, ನಾನು ಕಾಂಪೌಂಡ್ ಸುತ್ತುತ್ತೇನೆ.

"ಏನ್ಲಾ ಕಳ್ಕೊಂಡಿದೀಯ?" ಅಂತ ಕೇಳುತ್ತಾರೆ. ಇನ್ನೊಂದು ಸುತ್ತು ಹಾಕುತ್ತೇನೆ.